‘ಪ್ರಿಪೇರ್ಡ್’ ಕಲಿಸುವವರಿಗೆ: ಮಲಪ್ರಭೆ ಸೀಮೆಯ ತರಗತಿಗಳಿಂದ ಕೆಲವು ಪಾಠಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲೂಕುಗಳ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲೇ ನನ್ನ ನೌಕರಿ ಕಳೆದಿದೆ. ಕಲಿಸುವುದು ದ್ವಿತೀಯ ಭಾಷೆ ಇಂಗ್ಲಿಷ್. ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ ನೂರು ಅಂಕ: 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ದೊಡ್ಡ ದೊಡ್ಡ ಪದಗಳಿಗಿಂತ ಸಣ್ಣ ಪದಗಳೇ ನಮ್ಮ ಮಕ್ಕಳನ್ನು ಹೆಚ್ಚು ಕಾಡುತ್ತವೆ. ಅವುಗಳಲ್ಲಿ ‘ಪ್ರಿಪೇರ್ಡ್’ ಒಂದು. ಎಲ್ಲರಿಗೂ ಗೊತ್ತು ಅನ್ನಿಸುವ ಪದ, ಆದರೆ ವಾಕ್ಯಕ್ಕೆ ಇಳಿಸುವಾಗ ಹತ್ತರಲ್ಲಿ ಎಂಟು ಮಕ್ಕಳ ಕೈ ತಡೆಯುತ್ತದೆ. ಹೊಲ, ಮಗ್ಗ, ಜಾತ್ರೆಗಳ ನಡುವೆ ಬೆಳೆದ ಈ ಮಕ್ಕಳಿಗೆ ತಯಾರಿ ಅಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಗೊತ್ತಿರುವುದಕ್ಕೆ ಇಂಗ್ಲಿಷ್ ಪದವನ್ನು ಗಂಟು ಹಾಕಿಕೊಡುವುದಷ್ಟೇ ನಮ್ಮ ಕೆಲಸ. ಆ ಗಂಟು ಹೇಗೆ ಬೀಳುತ್ತದೆ ಎಂದು ಕಂಡುಕೊಂಡದ್ದನ್ನು ಹೊಸದಾಗಿ ಸೇರುವ ಶಿಕ್ಷಕರಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

1. ಅರ್ಥ ಬರೆಸುವ ಮೊದಲು ಮಕ್ಕಳ ಬಾಯಲ್ಲಿ ಏನಿದೆ ಕೇಳಿ

ಹಲಗೆಯ ಮೇಲೆ ‘ಪ್ರಿಪೇರ್ಡ್ ಅಂದರೆ ಸಿದ್ಧ’ ಎಂದು ಬರೆದರೆ ಮಕ್ಕಳು ಅದನ್ನು ವಹಿಗೆ ಇಳಿಸಿಕೊಂಡು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ‘ಸಿದ್ಧ’ ಅನ್ನುವವರೇ ಕಡಿಮೆ. ಅಡಿಗಿ ‘ತಯಾರ’ ಇರುತ್ತದೆ, ಹುಡುಗ ಸಾಲಿಗೆ ‘ರೆಡಿ’ ಆಗುತ್ತಾನೆ. ಈ ‘ರೆಡಿ’ ಇಂಗ್ಲಿಷಿನಿಂದ ಬಂದದ್ದೇ ಆದರೂ ಈಗ ಕನ್ನಡದ್ದೇ ಆಗಿ, ತವರಿನಲ್ಲಿ ಇಲ್ಲದ ಒಂದು ಅರ್ಥವನ್ನೂ ಗಳಿಸಿಕೊಂಡಿದೆ. ಕೆಟ್ಟುನಿಂತ ಮೋಟರ್ ಸೈಕಲ್ಲನ್ನು ನಾವು ‘ರೆಡಿ ಮಾಡಿಸಿಕೊಂಡು’ ಬರುತ್ತೇವೆ, ಅಂದರೆ ದುರಸ್ತಿ. ಅದಕ್ಕೇ ಒಂಬತ್ತನೆಯ ತರಗತಿಯ ಹುಡುಗ ‘ಮೈ ಫಾದರ್ ಪ್ರಿಪೇರ್ಡ್ ಮೈ ಸೈಕಲ್’ ಎಂದು ಬರೆಯುತ್ತಾನೆ. ಅಪ್ಪ ಪಂಕ್ಚರ್ ತೆಗೆಸಿಕೊಟ್ಟಿದ್ದಾನೆ, ಅಷ್ಟೇ. ಅಲ್ಲಿ ಬರಬೇಕಾದದ್ದು ‘ರಿಪೇರ್ಡ್’.

ಈ ತಪ್ಪಿಗೆ ಕೆಂಪು ಗೆರೆ ಎಳೆದು ಮುಂದೆ ಹೋಗಬೇಡಿ. ‘ರಿಪೇರ್’ ಮತ್ತು ‘ಪ್ರಿಪೇರ್’ ಎರಡೂ ಲ್ಯಾಟಿನ್ನಿನ ‘ಪರಾರೆ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಅದರ ಅರ್ಥ ಅಣಿಗೊಳಿಸು. ಮುಂಚಿತವಾಗಿ ಅಣಿಗೊಳಿಸಿದರೆ ‘ಪ್ರಿಪೇರ್’, ಮತ್ತೊಮ್ಮೆ ಅಣಿಗೊಳಿಸಿದರೆ ‘ರಿಪೇರ್’. ವಿಜ್ಞಾನದ ಪ್ರಯೋಗಾಲಯದಲ್ಲಿ ಹೇಳುವ ‘ಅಪರೇಟಸ್’ ಕೂಡ ಇದೇ ಬಳಗದ್ದು. ಇಷ್ಟು ಹೇಳಿದರೆ ಆ ಹುಡುಗನಿಗೆ ತಾನು ದಡ್ಡನಲ್ಲ, ಪಕ್ಕದ ಮನೆಯ ಬಾಗಿಲು ತಟ್ಟಿದ್ದೇನೆ ಎಂದು ತಿಳಿಯುತ್ತದೆ.

2. ‘ರೆಡಿ’ಗೂ ‘ಪ್ರಿಪೇರ್ಡ್’ಗೂ ಇರುವ ವ್ಯತ್ಯಾಸವನ್ನು ಎರಿ ಹೊಲದಲ್ಲಿ ತೋರಿಸಿ

ಬೈಲಹೊಂಗಲದ ಸುತ್ತಿನ ನೆಲ ಬಹುಪಾಲು ಎರಿ. ಹತ್ತಿ, ಹಿಂಗಾರಿ ಜೋಳ, ಕಡಲಿ, ಈಚೆಗೆ ಸೋಯಾಬೀನು. ಬೇಸಿಗೆಯಲ್ಲಿ ಈ ಭೂಮಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಮೊಳಕಾಲಿಗೆ ಮೆತ್ತಿಕೊಳ್ಳುತ್ತದೆ. ತೀರ ಹಸಿ ಇದ್ದಾಗ ಕುಂಟಿ ಹೊಡೆಯಲಾಗದು. ಒಣಗಿದ ಮೇಲೆ ಹೋದರೆ ಹೆಂಟೆಯೇ ಒಡೆಯುವುದಿಲ್ಲ. ಇವೆರಡರ ನಡುವೆ ಸಿಗುವ ಕೆಲವೇ ದಿನಗಳನ್ನು ನಮ್ಮ ರೈತರು ‘ಹದ’ ಅನ್ನುತ್ತಾರೆ.

ತರಗತಿಯಲ್ಲಿ ಒಮ್ಮೆ ಕೇಳಿದೆ: “ನಿಮ್ಮ ಹೊಲಾ ತಯಾರ ಐತೇನಪಾ?”

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಹದಾ ಬಂದೈತ್ರಿ ಸರ್ರ. ಆದ್ರ ಇನ್ನಾ ಹರಗಿಲ್ರಿ.”

ನನಗೆ ಬೇಕಾದ ಪಾಠ ಆ ಎರಡು ವಾಕ್ಯಗಳಲ್ಲೇ ಇತ್ತು. ಹದ ಬರುವುದು ಮಳೆಯಿಂದ, ಬಿಸಿಲಿನಿಂದ. ಅದನ್ನು ಯಾರೂ ಮಾಡುವುದಿಲ್ಲ. ಹಾಗಾಗಿ ‘ದಿ ಫೀಲ್ಡ್ ಈಸ್ ರೆಡಿ’. ರಂಟಿ ಹೊಡೆದು, ತಿಪ್ಪೆಗೊಬ್ಬರ ಹೇರಿ, ಕುಂಟಿಯಿಂದ ಹರಗಿ ಇಟ್ಟ ಹೊಲದ ಹಿಂದೆ ಮನುಷ್ಯರ ದುಡಿಮೆ ಇದೆ. ಅದಕ್ಕೆ ‘ದಿ ಫೀಲ್ಡ್ ಈಸ್ ಪ್ರಿಪೇರ್ಡ್’. ‘ಪ್ರಿಪೇರ್ಡ್’ ಮೂಲದಲ್ಲಿ ಕ್ರಿಯಾಪದದ ರೂಪ. ವಿಶೇಷಣವಾಗಿ ಕೂತಾಗಲೂ ಯಾರೋ ಮೊದಲೇ ಕೆಲಸ ಮಾಡಿದ್ದಾರೆ ಎಂಬ ನೆನಪನ್ನು ಅದು ಬಿಟ್ಟುಕೊಡುವುದಿಲ್ಲ. ‘ರೆಡಿ’ಗೆ ಆ ಹೊಣೆ ಇಲ್ಲ. ಗಿಡದಲ್ಲಿ ಹಣ್ಣಾದ ಮಾವು ‘ರೆಡಿ’, ಆದರೆ ‘ಪ್ರಿಪೇರ್ಡ್’ ಅಲ್ಲ. ಬಸ್ ಬಂದು ನಿಂತರೆ ಹೊರಡಲು ‘ರೆಡಿ’. ಬೀಜೋಪಚಾರ ಮಾಡಿ ನೆರಳಲ್ಲಿ ಒಣಗಿಸಿಟ್ಟ ಬೀಜಕ್ಕೆ ಎರಡೂ ಒಪ್ಪುತ್ತವೆ.

ಹೀಗೆ ಹೇಳಿ, ಮನೆಯಲ್ಲಿ ‘ರೆಡಿ’ ಇರುವ ಆದರೆ ‘ಪ್ರಿಪೇರ್ಡ್’ ಅಲ್ಲದ ವಸ್ತುಗಳನ್ನು ಪಟ್ಟಿ ಮಾಡಿಸಿ. ಸುಲಿಯದ ಶೇಂಗಾ, ಕರೆಯಬೇಕಾದ ಎಮ್ಮೆ, ಕೊಯ್ಲಿಗೆ ಬಂದ ಜೋಳ ಎಲ್ಲ ಬರುತ್ತವೆ. ವ್ಯಾಕರಣ ಪುಸ್ತಕದ ಎರಡು ಪುಟಕ್ಕಿಂತ ಹೆಚ್ಚನ್ನು ಆ ಪಟ್ಟಿ ಕಲಿಸುತ್ತದೆ.

3. ‘ಪ್ರಿಪೇರ್ಡ್’ ಆದ ಮೇಲೆ ಏನು ಬರುತ್ತದೆ ನೋಡಲು ಕಲಿಸಿ

ಮುಖ್ಯ ಪಾಠ ಇದು. ಈ ಪದದ ಅರ್ಥ ಅದರೊಳಗಿದ್ದಷ್ಟೇ ಅದರ ಬೆನ್ನಿಗೆ ಬರುವ ಸಣ್ಣ ಪದದಲ್ಲೂ ಇದೆ.

‘ಫಾರ್’ ಬಂದರೆ ಎದುರಿಸಲು ಸಜ್ಜು. ‘ಐ ಆ್ಯಮ್ ಪ್ರಿಪೇರ್ಡ್ ಫಾರ್ ದಿ ಎಗ್ಜಾಮ್’ ಅಂದರೆ ಪರೀಕ್ಷೆಗೆ ಬೇಕಾದದ್ದು ಓದಿದ್ದೇನೆ, ಬರಲಿ. ‘ಟು’ ಬಂದು ಅದರ ಹಿಂದೆ ಕ್ರಿಯಾಪದ ಬಂದರೆ ಹೆಚ್ಚಾಗಿ ಮನಸ್ಸಿನ ಮಾತು: ಒಪ್ಪಿಗೆ, ಮಾಡಲು ತಯಾರಿರುವುದು. ‘ಐ ಆ್ಯಮ್ ಪ್ರಿಪೇರ್ಡ್ ಟು ಹೆಲ್ಪ್’ ಅಂದರೆ ನೆರವಾಗಲು ನನ್ನ ಅಡ್ಡಿಯಿಲ್ಲ. ನಡುವೆ ‘ನಾಟ್’ ಸೇರಿದರೆ ಅದು ಖಡಕ್ ನಿರಾಕರಣೆ. ‘ಐ ಆ್ಯಮ್ ನಾಟ್ ಪ್ರಿಪೇರ್ಡ್ ಟು ವೇಟ್’ ಅನ್ನುವವನು ಕಾಯಲು ತಯಾರಿ ಸಾಲದು ಅನ್ನುತ್ತಿಲ್ಲ, ಕಾಯುವುದಿಲ್ಲ ಹೋಗಿ ಅನ್ನುತ್ತಿದ್ದಾನೆ.

ಈ ಖಡಕ್ಕುತನ ಗೊತ್ತಿಲ್ಲದ ಮಗು ಪಾಪ ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ನಮ್ಮ ವಿನಯವಂತ ಹುಡುಗಿ ಕೈ ಕಟ್ಟಿ ನಿಂತು ‘ಸರ್, ಐ ಆ್ಯಮ್ ನಾಟ್ ಪ್ರಿಪೇರ್ಡ್ ಟು ಆನ್ಸರ್’ ಅಂದಳು. ಇವತ್ತು ಓದಿಕೊಂಡು ಬಂದಿಲ್ಲ ಎನ್ನುವುದು ಅವಳ ಮನಸ್ಸಿನಲ್ಲಿತ್ತು. ಕಿವಿಗೆ ಬಿದ್ದದ್ದು ಉತ್ತರ ಕೊಡುವುದಿಲ್ಲ ಎಂದು. ಅಧಿಕಾರಿ ಸಹೃದಯರು, ಅವಳ ಮುಖ ನೋಡಿ ಅರ್ಥ ಮಾಡಿಕೊಂಡರು. ಕಾಗದದ ಮೇಲೆ ಮುಖ ಕಾಣುವುದಿಲ್ಲ. ಅಂಥ ಹೊತ್ತಿಗೆ ‘ಐ ಹ್ಯಾವ್ ನಾಟ್ ಪ್ರಿಪೇರ್ಡ್ ದಿಸ್ ಲೆಸನ್, ಸರ್’ ಎಂಬ ವಾಕ್ಯ ಕೈಗೆ ಸಿಗುವಂತೆ ಎಲ್ಲ ಮಕ್ಕಳಿಗೂ ಬಾಯಿಪಾಠ ಮಾಡಿಸಿಡಬೇಕು.

ಇನ್ನೊಂದು ಜಾಗ, ನೌಕರಿಯ ಸಂದರ್ಶನ. ಡಿಪ್ಲೊಮಾ ಮುಗಿಸಿ ಹೊರಗಿನ ಊರಿನ ಕಂಪನಿಯೊಂದಕ್ಕೆ ಹೋಗಿಬಂದ ಹಳೆಯ ವಿದ್ಯಾರ್ಥಿ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. “ಸರ್ರ, ‘ಆರ್ ಯು ಪ್ರಿಪೇರ್ಡ್ ಟು ವರ್ಕ್ ನೈಟ್ ಶಿಫ್ಟ್ಸ್’ ಅಂತ ಕೇಳಿದ್ರು. ನಾ ‘ಯೆಸ್ ಸರ್, ಐ ಪ್ರಿಪೇರ್ಡ್ ವೆರಿ ವೆಲ್’ ಅಂದೆ. ಅವ್ರು ಒಬ್ಬರ ಮಾರಿ ಒಬ್ಬರು ನೋಡಿದ್ರರಿ.” ರಾತ್ರಿ ಪಾಳಿಗೆ ಒಪ್ಪಿಗೆ ಇದೆಯೇ ಎಂದು ಅವರು ಕೇಳಿದ್ದು. ಚೆನ್ನಾಗಿ ಓದಿಕೊಂಡು ಬಂದಿದ್ದೇನೆ ಎಂದು ಇವನ ಉತ್ತರ. ಕೆಲಸ ಬಲ್ಲ ಹುಡುಗ, ಒಳ್ಳೆಯ ಅಂಕ ಪಡೆದವ. ಒಂದು ‘ಟು’ ಅವನಿಗೂ ಅವರಿಗೂ ನಡುವೆ ನಿಂತುಬಿಟ್ಟಿತ್ತು. ನಮ್ಮ ಹಳ್ಳಿಗಳ ಮಕ್ಕಳು ಹೀಗೆ ಬಾಗಿಲ ತನಕ ಹೋಗಿ ಹಿಂದೆ ಬರುವುದು ನನಗೆ ಬಹಳ ನೋವು ಕೊಡುವ ಸಂಗತಿ. ಹತ್ತನೆಯ ತರಗತಿಯಲ್ಲೇ ಈ ಒಂದು ಪ್ರಶ್ನೆಯನ್ನು ಹತ್ತು ರೀತಿಯಲ್ಲಿ ಕೇಳಿ ಉತ್ತರ ಕೊಡಿಸಿ: ಬೇರೆ ಊರಿಗೆ ಹೋಗಲು, ಹೊಸ ಕೆಲಸ ಕಲಿಯಲು, ಭಾನುವಾರ ಬರಲು.

4. ಪರೀಕ್ಷೆಯನ್ನು ತಯಾರಿಸುವವರು ಮಕ್ಕಳಲ್ಲ

‘ಐ ಪ್ರಿಪೇರ್ಡ್ ದಿ ಎಗ್ಜಾಮ್’ ಅಂದರೆ ಪ್ರಶ್ನೆಪತ್ರಿಕೆ ತೆಗೆದವ ನಾನೇ ಎಂದಾಗುವ ಭಯವಿದೆ. ‘ಐ ಪ್ರಿಪೇರ್ಡ್ ಫಾರ್ ದಿ ಎಗ್ಜಾಮ್’ ಸರಿ. ಅವ್ವ ರೊಟ್ಟಿ ‘ಪ್ರಿಪೇರ್’ ಮಾಡುತ್ತಾಳೆ, ಅಲ್ಲಿ ‘ಫಾರ್’ ಬೇಡ. ಹಬ್ಬಕ್ಕೆ ‘ಪ್ರಿಪೇರ್ ಫಾರ್’. ಕೈಯಿಂದ ಹುಟ್ಟಿಸುವ ವಸ್ತುವಾದರೆ ನೇರ, ಎದುರು ಬರುವ ಸಂದರ್ಭವಾದರೆ ‘ಫಾರ್’. ಒಂದು ವಾರ ಪ್ರಾರ್ಥನೆ ಮುಗಿದ ಮೇಲೆ ಎರಡೆರಡು ವಾಕ್ಯ ಹೇಳಿಸಿದರೆ ಇದು ಕೂರುತ್ತದೆ. ಹಾಗೆಯೇ ‘ವೆರಿ ಪ್ರಿಪೇರ್ಡ್’ ಬಿಡಿಸಿ ‘ವೆಲ್ ಪ್ರಿಪೇರ್ಡ್’, ‘ಫುಲ್ಲಿ ಪ್ರಿಪೇರ್ಡ್’ ರೂಢಿಸಿ.

5. ನಾಮಪದದ ಮುಂದೆ ಕೂತಾಗ ಅರ್ಥ ಬದಲಾಗುತ್ತದೆ

ಪ್ರತಿಭಾ ಕಾರಂಜಿಯಲ್ಲಿ ಆಶುಭಾಷಣ ಇರುತ್ತದೆ. ಸ್ಥಳದಲ್ಲೇ ವಿಷಯ ಕೊಟ್ಟು ಮಾತಾಡಿಸುವುದು. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ಬರುವ ಹೊತ್ತಿಗೆ ಶಾಲೆಗಳಲ್ಲಿ ರಾಣಿ ಚನ್ನಮ್ಮನ ಕುರಿತ ಭಾಷಣ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಮಕ್ಕಳು ಬರೆದು, ಬಾಯಿಪಾಠ ಮಾಡಿ ಬರುತ್ತಾರೆ. ಹಾಗೆ ಮೊದಲೇ ಬರೆದಿಟ್ಟದ್ದು ‘ಪ್ರಿಪೇರ್ಡ್ ಸ್ಪೀಚ್’. ಸುದ್ದಿಯಲ್ಲಿ ಮಂತ್ರಿಗಳು ಓದುವುದು ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’. ಭಾಷಣ ಯಾವುದಕ್ಕೂ ಸಜ್ಜಾಗಿ ನಿಂತಿಲ್ಲ, ಅದನ್ನು ಮುಂಚೆ ಮಾಡಿಟ್ಟಿದ್ದಾರೆ.

‘ರೆಡಿ’ಯದು ಇನ್ನೂ ವಿಚಿತ್ರ. ‘ದಿ ಬಾಯ್ ಈಸ್ ರೆಡಿ’ ಎಂದರೆ ಹುಡುಗ ಹೊರಡಲು ತಯಾರು. ‘ರೆಡಿ ಆನ್ಸರ್’ ಅಂದರೆ ತಟ್ಟನೆ ಬರುವ ಉತ್ತರ, ‘ರೆಡಿ ಕ್ಯಾಶ್’ ಅಂದರೆ ರೋಖ. ಬೈಲಹೊಂಗಲದ ಹತ್ತಿ ವ್ಯಾಪಾರ ನೋಡಿ ಬೆಳೆದ ಮಕ್ಕಳಿಗೆ ರೋಖ, ಉದ್ದರಿ ಎರಡೂ ಚೆನ್ನಾಗಿ ಗೊತ್ತು. ಪದ ಎಲ್ಲಿ ಕೂತಿದೆ ಎಂದು ನೋಡುವ ಅಭ್ಯಾಸ ಒಮ್ಮೆ ಬಂದರೆ ಬೇರೆ ವಿಶೇಷಣಗಳಿಗೂ ಅದು ಒದಗುತ್ತದೆ.

6. ‘ಪ್ರಿಪರೇಟರಿ’ಯನ್ನು ಪರೀಕ್ಷೆಯ ಭಯದಿಂದ ಬಿಡಿಸಿ

ಫೆಬ್ರುವರಿ ಹತ್ತಿರ ಬಂತೆಂದರೆ ಊರಲ್ಲಿ ಈ ಪದ ಕೇಳದ ಮನೆಯೇ ಇರುವುದಿಲ್ಲ. “ಪ್ರಿಪರೇಟರಿದಾಗ ಎಷ್ಟ ಬಿದ್ದಾವ?” ಎಂದು ಓದು ಬಾರದ ಅಜ್ಜಿಯೂ ಕೇಳುತ್ತಾಳೆ. ನಮ್ಮಲ್ಲಿ ಅದು ನಾಮಪದವೇ ಆಗಿಹೋಗಿದೆ. ಇಂಗ್ಲಿಷಿನಲ್ಲಿ ಅದು ವಿಶೇಷಣ, ಹಿಂದೆ ನಾಮಪದ ಬೇಕು: ‘ಪ್ರಿಪರೇಟರಿ ಎಗ್ಜಾಮ್’, ‘ಪ್ರಿಪರೇಟರಿ ಮೀಟಿಂಗ್’. ಮನುಷ್ಯರಿಗೆ ಅಂಟಿಸುವ ಹಾಗಿಲ್ಲ. ‘ಐ ಆ್ಯಮ್ ಪ್ರಿಪರೇಟರಿ’ ಎಂಬ ವಾಕ್ಯವೇ ಇಲ್ಲ. ಸಜ್ಜಾದವರು ‘ಪ್ರಿಪೇರ್ಡ್’, ಸಜ್ಜುಗೊಳಿಸುವ ಕೆಲಸ ‘ಪ್ರಿಪರೇಟರಿ’.

ಈ ವ್ಯತ್ಯಾಸ ನನಗೆ ಅತ್ಯಂತ ಸ್ಪಷ್ಟವಾಗಿ ಸಿಕ್ಕಿದ್ದು ರಾಮದುರ್ಗದ ಕಡೆ. ರಾಮದುರ್ಗ, ಸುರೇಬಾನ ನೇಕಾರರ ಊರುಗಳು. ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು. ಸೀರೆ ನೇಯುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಮೊದಲಿನ ಕೆಲಸ ಬಹಳ: ನೂಲು ಸುತ್ತಬೇಕು, ಹಾಸಿನ ಎಳೆಗಳನ್ನು ಲೆಕ್ಕ ತಪ್ಪದಂತೆ ಹೊಂದಿಸಬೇಕು, ಎಳೆ ಹರಿಯದಿರಲು ಗಂಜಿ ಕೊಡಬೇಕು, ಲಾಳಿಗೆ ಕಂಡಿಕೆ ಸುತ್ತಬೇಕು. ಜವಳಿ ಉದ್ಯಮದಲ್ಲಿ ಇವುಗಳಿಗೆ ಇರುವ ಹೆಸರೇ ‘ಪ್ರಿಪರೇಟರಿ’ ಕೆಲಸಗಳು. ದೊಡ್ಡ ಮಿಲ್ಲುಗಳಲ್ಲಿ ಅದಕ್ಕೊಂದು ಬೇರೆ ವಿಭಾಗವೇ ಇರುತ್ತದೆ. ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವವರು ಹೆಚ್ಚಾಗಿ ಹೆಂಗಸರು. ಮಗ್ಗದ ಮೇಲೆ ಕೂತವನ ಹೆಸರಿಗೆ ಸೀರೆ ಜಮಾ ಆಗುತ್ತದೆ. ಆ ದುಡಿಮೆಗೆ ಸಿಗಬೇಕಾದ ಲೆಕ್ಕ ಸಿಗುತ್ತಿಲ್ಲ ಎಂದು ನಾನು ತರಗತಿಯಲ್ಲಿ ಹೇಳದೆ ಬಿಡುವುದಿಲ್ಲ. ತನ್ನ ಅವ್ವ ಮಾಡುವುದು ‘ಪ್ರಿಪರೇಟರಿ ವರ್ಕ್’, ಅದು ಇಲ್ಲದೆ ಮಗ್ಗ ಒಂದು ಗೇಣೂ ಮುಂದೆ ಹೋಗದು ಎಂದು ತಿಳಿದ ಹುಡುಗಿ ಆ ಪದವನ್ನು ಮತ್ತೆ ಮರೆಯುವುದಿಲ್ಲ.

ಇನ್ನೆರಡು ವಿವರ, ಕೇಳುವ ಮಕ್ಕಳಿಗೆ. ಇಂಗ್ಲೆಂಡಿನಲ್ಲಿ ‘ಪ್ರಿಪರೇಟರಿ ಸ್ಕೂಲ್’ ಅಂದರೆ ಸುಮಾರು ಹದಿಮೂರು ವಯಸ್ಸಿನವರೆಗಿನ ಮಕ್ಕಳ ಖಾಸಗಿ ಶಾಲೆ, ಅಮೆರಿಕದಲ್ಲಿ ಕಾಲೇಜಿಗೆ ಅಣಿ ಮಾಡುವ ಶಾಲೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ‘ಪ್ರಿಪರೇಟರಿ’ ಹಂತ ಅಂದರೆ ಮೂರರಿಂದ ಐದನೆಯ ತರಗತಿ. ಉಚ್ಚಾರದಲ್ಲಿ ನಾವು ‘ರೇ’ ಮೇಲೆ ಒತ್ತು ಹಾಕುತ್ತೇವೆ. ಇಂಗ್ಲಿಷರ ಒತ್ತು ಎರಡನೆಯ ಅಕ್ಷರದ ಮೇಲೆ, ‘ಪ್ರಿಪ್ಯಾರಟರಿ’ ಎಂಬಂತೆ ಕೇಳುತ್ತದೆ. ನಮ್ಮ ಊರಿನಲ್ಲಿ ನಮ್ಮ ಉಚ್ಚಾರ ನಡೆಯಲಿ, ಕೇಳಿದಾಗ ಗುರುತು ಹಿಡಿದರೆ ಸಾಕು.

7. ‘ಅನ್’, ‘ಇಲ್’, ‘ವೆಲ್’: ಕಿತ್ತೂರಿನ ಎರಡು ತಿಂಗಳಲ್ಲಿ ಮೂರೂ ಇವೆ

ಪದದ ಹಿಂದೆ ಮುಂದೆ ಸೇರುವ ತುಣುಕುಗಳನ್ನು ಪಟ್ಟಿಯಾಗಿ ಕಲಿಸಿದರೆ ನಿಲ್ಲುವುದಿಲ್ಲ, ಕತೆಯೊಂದು ಬೇಕು. ನಮಗೆ ಕತೆಗೆ ದೂರ ಹೋಗಬೇಕಿಲ್ಲ. 1824ರಲ್ಲಿ ಕಿತ್ತೂರು ಸಂಸ್ಥಾನದ ದತ್ತಕ ವಾರಸುದಾರನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ತೋಪು ತಂದು ನಿಲ್ಲಿಸಿದ. ಕೋಟೆಯ ಬಾಗಿಲು ತೆರೆದು ಒಳಗಿನವರು ಆ ರಭಸದಲ್ಲಿ ಹೊರಬೀಳುತ್ತಾರೆಂದು ಅವನು ಎಣಿಸಿರಲಿಲ್ಲ. ಥ್ಯಾಕರೆ ಸತ್ತ, ಅವನ ಜೊತೆಗಿದ್ದ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಡನೆ ಮರಳಿ ಬಂತು, ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದು 1829ರ ಫೆಬ್ರುವರಿ 2ರಂದು ತೀರಿಕೊಂಡಳು.

ಈಗ ವಾಕ್ಯಗಳು ತಾವಾಗಿ ಬರುತ್ತವೆ. ಅಕ್ಟೋಬರಿನಲ್ಲಿ ಕಂಪನಿ ‘ಅನ್‌ಪ್ರಿಪೇರ್ಡ್ ಫಾರ್ ದಿ ಅಟ್ಯಾಕ್’, ಅಂದರೆ ನಿರೀಕ್ಷೆಯೇ ಇರಲಿಲ್ಲ. ತಂದ ಬಲ ಸಾಲದಾಯಿತು ಅನ್ನುವುದಾದರೆ ‘ಇಲ್ ಪ್ರಿಪೇರ್ಡ್’: ತಯಾರಿ ಇತ್ತು, ಅರೆಬರೆ. ಡಿಸೆಂಬರಿನಲ್ಲಿ ‘ವೆಲ್ ಪ್ರಿಪೇರ್ಡ್’. ಚನ್ನಮ್ಮ? ‘ಪ್ರಿಪೇರ್ಡ್ ಟು ಫೈಟ್’. ಇಲ್ಲಿ ಒಪ್ಪಿಗೆಯ ಅರ್ಥವೂ ಇದೆ, ಸಜ್ಜಿನ ಅರ್ಥವೂ ಇದೆ. ಕಿತ್ತೂರಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನ ಮಾತು ಬಂದಾಗ ತರಗತಿಯೇ ನೆಟ್ಟಗೆ ಕೂರುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದವನನ್ನು ಕುರಿತು ‘ಹಿ ವಾಸ್ ಪ್ರಿಪೇರ್ಡ್ ಟು ಡೈ’ ಎಂದು ಮಕ್ಕಳು ಬರೆಯುವಾಗ ಆ ‘ಟು’ ತಪ್ಪುವುದನ್ನು ನಾನು ಕಂಡಿಲ್ಲ.

8. ಕೊನೆಯ ಸದ್ದು ನುಂಗಬೇಡಿ, ಹಿಗ್ಗಿಸಲೂ ಬೇಡಿ

‘ಪ್ರಿಪೇರೆಡ್’ ಅಲ್ಲ, ‘ಪ್ರಿಪೇರ್ಡ್’. ಬರೆಯುವಾಗ ಕೊನೆಯ ಅಕ್ಷರ ಬಿಟ್ಟು ‘ಐ ಆ್ಯಮ್ ಪ್ರಿಪೇರ್’ ಎಂದು ಬಿಡುವ ಮಕ್ಕಳು ಬಹಳ, ಏಕೆಂದರೆ ಕಿವಿಗೆ ಆ ‘ಡ್’ ಬಿದ್ದಿರುವುದಿಲ್ಲ. ಕಾಗುಣಿತ ತಿದ್ದುವ ಮೊದಲು ಕಿವಿ ತಿದ್ದಿ.

9. ಸ್ಕೌಟ್ಸ್ ಇರುವ ಶಾಲೆಯಾದರೆ ಅರ್ಧ ಕೆಲಸ ಮುಗಿದಂತೆ

ಸ್ಕೌಟ್ಸ್ ಸ್ಥಾಪಕ ಬೇಡನ್ ಪೊವೆಲ್ ತನ್ನ 1908ರ ಪುಸ್ತಕದಲ್ಲಿ ಬಾಲಕರಿಗೆ ಕೊಟ್ಟ ಧ್ಯೇಯವಾಕ್ಯ ‘ಬಿ ಪ್ರಿಪೇರ್ಡ್’. ಅವನ ಹೆಸರಿನ ಮೊದಲಕ್ಷರಗಳೂ ಅವೇ. ಅಲ್ಲಿ ‘ಫಾರ್’ ಇಲ್ಲ, ‘ಟು’ ಇಲ್ಲ. ಯಾವುದಕ್ಕೆ ಎಂದು ಹೇಳದಿರುವುದೇ ಅದರ ಬಲ: ಮೈ ಮನಸ್ಸು ಎರಡೂ ಸದಾ ಸಜ್ಜಾಗಿರಲಿ, ಏನು ಬಂದರೂ ಬರಲಿ. ಗಂಟು ಹಾಕಲು ಕಲಿತ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊತ್ತ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

10. ವಾಕ್ಯಗಳು ಮನೆಯಿಂದ ಬರಲಿ, ಗೈಡಿನಿಂದ ಬೇಡ

2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂತು. ಮಕ್ಕಳಿಗೆ ಅದು ಒಳ್ಳೆಯದೇ ಆಯಿತು. ಆದರೆ ಪ್ರತಿ ಸಲವೂ ಗೈಡಿನ ಅದೇ ವಾಕ್ಯ ಬಾಯಿಪಾಠ ಮಾಡಿಸಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಸವದತ್ತಿಯ ಕಡೆ ಇದ್ದಾಗ ಬನದ ಹುಣ್ಣಿಮೆಯ ಮುಂಚಿನ ವಾರ ಮಕ್ಕಳಿಂದ ವಾಕ್ಯ ಬರೆಸುತ್ತಿದ್ದೆ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಬರುವವರ ಸಾಲು ರಸ್ತೆಯುದ್ದಕ್ಕೂ ಇರುತ್ತದೆ. ನಮ್ಮ ಮಕ್ಕಳ ಮನೆಗಳಲ್ಲೂ ಆ ವಾರವೆಲ್ಲ ಅದೇ ಗಡಿಬಿಡಿ. ಎತ್ತಿಗೆ ಮೇವು ಕಟ್ಟಬೇಕು, ಕಟಿರೊಟ್ಟಿ ಬಡಿದು ಒಣಗಿಸಬೇಕು, ಶೇಂಗಾಹಿಂಡಿ ಕುಟ್ಟಬೇಕು, ಗುಡ್ಡದ ಮೇಲಿನ ಚಳಿಗೆ ಕೌದಿ ಹೊರಬೇಕು. ಮಕ್ಕಳು ತಂದ ವಾಕ್ಯಗಳಲ್ಲಿ ಚಕ್ಕಡಿ ‘ರೆಡಿ’ ಇತ್ತು, ಬುತ್ತಿ ‘ಪ್ರಿಪೇರ್ಡ್’ ಆಗಿತ್ತು, ಮನೆಮಂದಿ ‘ಪ್ರಿಪೇರ್ಡ್ ಫಾರ್ ದಿ ಕೋಲ್ಡ್ ನೈಟ್’ ಆಗಿದ್ದರು. ಒಬ್ಬಳ ವಾಕ್ಯ ಹೀಗಿತ್ತು: ‘ಮೈ ಗ್ರ್ಯಾಂಡ್‌ಮದರ್ ಈಸ್ ನಾಟ್ ಪ್ರಿಪೇರ್ಡ್ ಟು ಕಮ್ ಬೈ ಬಸ್’. ಅಜ್ಜಿ ತಯಾರಾಗಿಲ್ಲವೇ ಎಂದು ಕೇಳಿದೆ. “ತಯಾರ ಅದಾಳ್ರಿ ಸರ್ರ, ಸೀರಿ ಉಟಗೊಂಡ ಕುಂತಾಳ. ಬಸ್ಸಿಗೆ ಒಲ್ಲೆ ಅಂತಾಳ್ರಿ, ಚಕ್ಕಡ್ಯಾಗ ಬರ್ತೀನಿ ಅಂತಾಳ.” ಅವಳಿಗೆ ಪೂರ್ತಿ ಅಂಕ ಕೊಟ್ಟು, ಆ ವಾಕ್ಯವನ್ನು ಹಲಗೆಯ ಮೇಲೆ ಬರೆಸಿ, ಎರಡು ದಿನ ಅಳಿಸಗೊಡಲಿಲ್ಲ.